ಪರದೆಯ ಮೇಲಿನ ಮರೆವು, ಮನೆಯೊಳಗಿನ ಮರೆವು

ಪತ್ರಿಕೆಗಳ ಒಳಪುಟದಲ್ಲಿ, ಪೊಲೀಸ್ ಠಾಣೆಯ ಫಲಕದಲ್ಲಿ, ಬಸ್ ನಿಲ್ದಾಣದ ಕಂಬದ ಮೇಲೆ ಕಾಣೆಯಾದವರ ಪ್ರಕಟಣೆಗಳನ್ನು ನಾವೆಲ್ಲರೂ ನೋಡಿರುತ್ತೇವೆ. ಒಂದು ಮಸುಕಾದ ಭಾವಚಿತ್ರ, ಅದರ ಕೆಳಗೆ ವಯಸ್ಸು, ಎತ್ತರ, ಕೋಲುಮುಖ ಅಥವಾ ದುಂಡುಮುಖ, ತೊಟ್ಟಿದ್ದ ಬಟ್ಟೆಯ ಬಣ್ಣ, ಬಲ್ಲ ಭಾಷೆಗಳು. ಆ ಪ್ರಕಟಣೆಗಳ ಸಿದ್ಧವಾಕ್ಯವೊಂದನ್ನೇ ಹೆಸರಾಗಿಸಿಕೊಂಡು 2016ರ ಜೂನ್ ತಿಂಗಳಲ್ಲಿ ಕನ್ನಡ ಚಲನಚಿತ್ರವೊಂದು ತೆರೆಗೆ ಬಂದಿತು: ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ನಿರ್ದೇಶಕರು ಹೇಮಂತ್ ಎಂ. ರಾವ್. ಅಲ್ಜೈಮರ್ ಕಾಯಿಲೆಗೆ ತುತ್ತಾದ ವೆಂಕೋಬರಾವ್ ಎಂಬ ವೃದ್ಧರ ಪಾತ್ರದಲ್ಲಿ ಅನಂತ್ ನಾಗ್, ಮುಂಬಯಿಯಲ್ಲಿ ಉದ್ಯೋಗದಲ್ಲಿರುವ ಮಗನ ಪಾತ್ರದಲ್ಲಿ ರಕ್ಷಿತ್ ಶೆಟ್ಟಿ, ಆರೈಕೆ ಕೇಂದ್ರದ ವೈದ್ಯೆಯಾಗಿ ಶ್ರುತಿ ಹರಿಹರನ್ ಅಭಿನಯಿಸಿದ್ದಾರೆ. ಎರಡು ವರ್ಷಗಳ ಬಳಿಕ ಇದೇ ಕಥೆ ಪ್ರಕಾಶ್ ರಾಜ್ ಅವರ ಅಭಿನಯದಲ್ಲಿ ತಮಿಳಿಗೂ ಹೋಯಿತು.

ಆರೋಗ್ಯ ವಿಭಾಗದಲ್ಲಿ ಸಿನಿಮಾದ ಮಾತೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳ ಕಡೆಯಿಂದ ನಮ್ಮ ಚಿಕಿತ್ಸಾಲಯಕ್ಕೆ ಬರುವ ಕುಟುಂಬಗಳಲ್ಲಿ ಮರೆವಿನ ರೋಗಿಗಳನ್ನು ನೋಡಿಕೊಳ್ಳುವವರು ಇತ್ತೀಚಿನ ವರ್ಷಗಳಲ್ಲಿ ಹೆಚ್ಚುತ್ತಿದ್ದಾರೆ. ಅವರಲ್ಲಿ ಅನೇಕರಿಗೆ ಈ ರೋಗದ ಹೆಸರು ಮೊದಲು ತಿಳಿದದ್ದು ವೈದ್ಯರಿಂದಲ್ಲ, ಪುಸ್ತಕದಿಂದಲೂ ಅಲ್ಲ, ಸಿನಿಮಾದಿಂದ. ‘ಆ ಅನಂತ್ ನಾಗ್ ಪಿಕ್ಚರಿನಲ್ಲಿ ಬರುತ್ತದಲ್ಲ ಡಾಕ್ಟರೇ, ಅದೇ ಕಾಯಿಲೆಯೇ ನಮ್ಮ ಮಾವನವರಿಗೂ?’ ಎಂದು ಕೇಳುವವರು ಇದ್ದಾರೆ. ಜನರು ಒಂದು ರೋಗವನ್ನು ಪರದೆಯ ಮೂಲಕವೇ ಅರಿಯುತ್ತಿರುವಾಗ, ಪರದೆ ಏನನ್ನು ಸರಿಯಾಗಿ ತೋರಿಸುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದನ್ನು ವಿಚಾರಿಸುವುದು ವೈದ್ಯರ ಕೆಲಸವೂ ಹೌದೆಂದು ನಮಗನ್ನಿಸುತ್ತದೆ.

ಮೊದಲಿಗೆ ರೋಗದ ಬಗ್ಗೆ ಎರಡು ಮಾತು. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಹಿರಿಯರು ಒಂದೇ ಪ್ರಶ್ನೆಯನ್ನು ಹತ್ತು ಬಾರಿ ಕೇಳಿದರೂ, ಹತ್ತಾರು ವರ್ಷ ನಡೆದಾಡಿದ ಬೀದಿಯಲ್ಲಿಯೇ ದಾರಿ ತಪ್ಪಿದರೂ ಮನೆಯವರು ನಕ್ಕು ಸುಮ್ಮನಾಗುತ್ತಾರೆ. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ವಯಸ್ಸಿನ ಮರೆವು. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದೇತಕ್ಕೆ ಬರುತ್ತದೆ ಎಂದು ನೋಡುತ್ತ ನಿಲ್ಲುವುದು ರೋಗ. ಡಿಮೆನ್ಷಿಯಾ ಎಂಬುದು ಇಂತಹ ಲಕ್ಷಣಗಳ ಸಮೂಹಕ್ಕೆ ಇಟ್ಟ ಹೆಸರು. ಅದಕ್ಕೆ ಕಾರಣವಾಗುವ ರೋಗಗಳಲ್ಲಿ ಅಲ್ಜೈಮರ್ ಅತ್ಯಂತ ಸಾಮಾನ್ಯವಾದುದು. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ತಮ್ಮ ರೋಗಿಯೊಬ್ಬಳ ಮೆದುಳನ್ನು ಪರೀಕ್ಷಿಸಿ ಅದರಲ್ಲಿ ಕಂಡ ಬದಲಾವಣೆಗಳನ್ನು ವೈದ್ಯಸಭೆಯ ಮುಂದಿಟ್ಟರು. ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ಶೇಕಡಾ 7.4ರಷ್ಟು ಜನರು, ಎಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಲ್ಲಿ ಬಹುಪಾಲು ಜನರು ಮನೆಯಲ್ಲಿಯೇ ಇರುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರು ಬಹುಪಾಲು ಹೆಂಡತಿ, ಮಗಳು ಅಥವಾ ಸೊಸೆ.

ಈಗ ಆ ಕನ್ನಡ ಚಿತ್ರಕ್ಕೆ ಬರೋಣ. ತಂದೆಯನ್ನು ಆರೈಕೆ ಕೇಂದ್ರದಲ್ಲಿ ಬಿಟ್ಟು ಹೊರ ಊರಿನಲ್ಲಿ ದುಡಿಯುವ ಮಗ ರಜೆಗೆ ಬರುತ್ತಾನೆ. ತಂದೆಯನ್ನು ಬಟ್ಟೆಬರೆ ಕೊಳ್ಳಲು ಹೊರಗೆ ಕರೆದೊಯ್ಯುತ್ತಾನೆ. ಕ್ಷಣಕಾಲದ ಅಜಾಗ್ರತೆಯಲ್ಲಿ ತಂದೆ ಕಾಣೆಯಾಗುತ್ತಾರೆ. ಮುಂದಿನದು ಹುಡುಕಾಟದ ಕಥೆ. ಅದರ ಜೊತೆಗೆ, ಮುಗ್ಧ ವೃದ್ಧರು ಕೊಲೆಗಡುಕರ ಕೈಗೆ ಸಿಕ್ಕಿಬೀಳುವ ಇನ್ನೊಂದು ಎಳೆಯೂ ಹೆಣೆದುಕೊಂಡಿದೆ. ಕೊಲೆಯ ಎಳೆ ಸಿನಿಮಾಕ್ಕೆ ಬೇಕಾಗಿರಬಹುದು, ರೋಗಕ್ಕೆ ಅದರ ಅಗತ್ಯವಿಲ್ಲ. ಆದರೆ ಅನಂತ್ ನಾಗ್ ಅವರ ಅಭಿನಯದಲ್ಲಿ ನಾವು ವೈದ್ಯಕೀಯವಾಗಿ ಮೆಚ್ಚುವ ಸಂಗತಿಯೊಂದಿದೆ. ಮರೆವಿನ ರೋಗಿಯೆಂದರೆ ಸದಾ ಶೂನ್ಯವನ್ನು ನೋಡುತ್ತ ಕುಳಿತವನು ಎಂಬ ಚಿತ್ರವನ್ನು ಅವರು ಕೊಡುವುದಿಲ್ಲ. ಅವರು ಹರಟುತ್ತಾರೆ, ಎದುರಿಗಿರುವ ಅಪರಿಚಿತರೊಡನೆ ಸಲುಗೆಯಿಂದ ವರ್ತಿಸುತ್ತಾರೆ, ಹೆಂಡತಿಯೊಡನೆ ಕಳೆದ ಹಳೆಯ ದಿನಗಳನ್ನು ಇಂದಿನದೆಂಬಂತೆ ಹೇಳುತ್ತಾರೆ. ರೋಗದ ಮೊದಲ ಮತ್ತು ನಡು ಹಂತದಲ್ಲಿ ನಿಜವಾಗಿ ಆಗುವುದು ಹೀಗೆಯೇ. ಬೆಳಿಗ್ಗೆ ತಿಂದ ಉಪ್ಪಿಟ್ಟು ಮರೆತುಹೋಗುತ್ತದೆ, ಐವತ್ತು ವರ್ಷದ ಹಿಂದಿನ ಮದುವೆಯ ಊಟ ನೆನಪಿರುತ್ತದೆ.

ಈ ಚಿತ್ರವನ್ನು ನೋಡಿದ ಆರೈಕೆದಾರರು ನಮ್ಮೆದುರು ಆಡಿದ ಮಾತುಗಳು ಒಂದೇ ಬಗೆಯವಲ್ಲ. ಆರ್.ಟಿ. ನಗರದ ಗೃಹಸ್ಥರೊಬ್ಬರು, ಚಿತ್ರ ನೋಡಿ ಬಂದ ರಾತ್ರಿ ತಂದೆಯ ಪಕ್ಕದಲ್ಲಿ ಕುಳಿತು, ಅವ್ವನನ್ನು ಮೊದಲು ನೋಡಿದ್ದು ಎಲ್ಲಿ ಎಂದು ಕೇಳಿದರಂತೆ. ಮಗನ ಹೆಸರನ್ನು ಮರೆತಿದ್ದ ಆ ಹಿರಿಯರು ರಾಣೆಬೆನ್ನೂರಿನ ಜಾತ್ರೆ, ಎತ್ತಿನ ಬಂಡಿ, ಹಸಿರು ಸೀರೆ ಎಂದು ಮುಕ್ಕಾಲು ಗಂಟೆ ಮಾತನಾಡಿದರು. ಅಂದಿನಿಂದ ಪ್ರತಿದಿನ ಅರ್ಧ ಗಂಟೆ ಹಳೆಯ ಮಾತುಗಳಿಗೆಂದೇ ಮೀಸಲಾಯಿತು. ಹಿರಿಯರ ಸಂಜೆಯ ಚಡಪಡಿಕೆ ಕಡಿಮೆಯಾಯಿತು. ಹಳೆಯ ನೆನಪುಗಳನ್ನು ಮಾತಿಗೆಳೆಯುವುದು ಡಿಮೆನ್ಷಿಯಾ ಆರೈಕೆಯಲ್ಲಿ ಒಪ್ಪಿತವಾದ ಕ್ರಮವೇ. ಸಿನಿಮಾ ಅದನ್ನು ತಾನರಿಯದೆ ಕಲಿಸಿತ್ತು.

ಅದೇ ಚಿತ್ರವನ್ನು ಯಲಹಂಕದ ಸೊಸೆಯೊಬ್ಬರು ಅರ್ಧಕ್ಕೇ ನಿಲ್ಲಿಸಿದ್ದರು. ಆಕೆ ಏಳು ವರ್ಷದಿಂದ ಅತ್ತೆಯವರನ್ನು ನೋಡಿಕೊಳ್ಳುತ್ತಿರುವವರು. ಕಾರಣ ಕೇಳಿದಾಗ ಆಕೆ ಹೇಳಿದ್ದಿಷ್ಟೇ: ಆ ಚಿತ್ರದಲ್ಲಿ ಯಾರೂ ಬಟ್ಟೆ ಒಗೆಯುವುದಿಲ್ಲ. ಈ ಮಾತು ನಮಗೆ ಯಾವ ಚಲನಚಿತ್ರ ವಿಮರ್ಶೆಗಿಂತಲೂ ದೊಡ್ಡದಾಗಿ ಕಂಡಿತು. ಹಾಸಿಗೆಯಲ್ಲಿಯೇ ಮೂತ್ರ ಹೋಗುವುದು, ಸ್ನಾನಕ್ಕೆ ಕರೆದರೆ ಹೊಡೆಯಲು ಬರುವುದು, ರಾತ್ರಿ ಎರಡು ಗಂಟೆಗೆ ಎದ್ದು ಬೀಗ ಅಲುಗಾಡಿಸುವುದು, ಈಗತಾನೇ ಉಂಡು ಎದ್ದವರು ನೆರೆಮನೆಗೆ ಹೋಗಿ ನನ್ನ ಸೊಸೆ ಅನ್ನ ಹಾಕುವುದಿಲ್ಲ ಎಂದು ಅಳುವುದು. ಮರೆವಿನ ರೋಗವನ್ನು ಮನೆಯಲ್ಲಿ ಹೊತ್ತವರ ದಿನಚರಿ ಇದು. ಕಣ್ಣೀರು ತರಿಸುವ ಮರೆವನ್ನು ಪರದೆ ತೋರಿಸುತ್ತದೆ. ವಾಸನೆ ಬರುವ ಮರೆವನ್ನು ತೋರಿಸುವುದಿಲ್ಲ. ನೆರೆಮನೆಯವರ ಮುಂದೆ ಆಡಿದ ಆ ಒಂದು ಮಾತಿನಿಂದ ಆ ತಾಯಿ ಎರಡು ವರ್ಷ ಬೀದಿಯಲ್ಲಿ ತಲೆಯೆತ್ತಿ ನಡೆಯಲಿಲ್ಲ.

ಇದರ ಹತ್ತಿರಕ್ಕೆ ಬಂದ ಚಿತ್ರವೆಂದರೆ 2020ರ ಇಂಗ್ಲಿಷ್ ಚಿತ್ರ ‘ದಿ ಫಾದರ್’. ಇದರ ಅಭಿನಯಕ್ಕಾಗಿ ಆಂಥೊನಿ ಹಾಪ್ಕಿನ್ಸ್ ಅವರಿಗೆ 83ನೆಯ ವಯಸ್ಸಿನಲ್ಲಿ ಆಸ್ಕರ್ ಪ್ರಶಸ್ತಿ ದೊರಕಿತು. ತನ್ನ ಕೈಗಡಿಯಾರವನ್ನು ತಾನೇ ಎಲ್ಲಿಯೋ ಇಟ್ಟು, ಆರೈಕೆಗೆ ಬಂದವಳು ಕದ್ದಳೆಂದು ಆ ವೃದ್ಧ ದೂರುತ್ತಾನೆ. ಮನೆಯ ಕೋಣೆಗಳು, ಪೀಠೋಪಕರಣಗಳು, ಮಗಳ ಮುಖ ಕೂಡ ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತವೆ. ನೋಡುವವರಿಗೇ ಯಾವುದು ನಿಜವೆಂದು ತಿಳಿಯುವುದಿಲ್ಲ. ಕಳ್ಳತನದ ಆರೋಪ ಹೊತ್ತ ಎಷ್ಟೋ ಸೊಸೆಯಂದಿರಿಗೆ ಈ ಚಿತ್ರವನ್ನು ನೋಡುವಂತೆ ನಾವೇ ಸೂಚಿಸಿದ್ದೇವೆ. ಬಂಗಾರದ ಬಳೆ ಕಾಣದಾದಾಗ ಅತ್ತೆಯವರು ಬಯ್ಯುವುದು ದ್ವೇಷದಿಂದಲ್ಲ. ತಾನೇ ಬಚ್ಚಿಟ್ಟಿದ್ದೆಂಬ ನೆನಪು ಅಳಿಸಿಹೋದ ಮೇಲೆ, ಯಾರೋ ಕದ್ದಿರಬೇಕೆಂಬುದೊಂದೇ ಅವರ ಮೆದುಳಿಗೆ ಉಳಿಯುವ ಅರ್ಥ. ಭಾಷೆ ತಿಳಿಯದಿದ್ದರೂ ಆ ದೃಶ್ಯ ಅರ್ಥವಾಯಿತೆಂದು ಹೆಬ್ಬಾಳದ ಒಬ್ಬ ತಾಯಿ ನಮಗೆ ಹೇಳಿದರು.

ಭಾರತದ ಇತರ ಚಿತ್ರಗಳ ಮಾತನ್ನೂ ಇಲ್ಲಿ ಹೇಳಬೇಕು. 2005 ಈ ವಿಷಯದಲ್ಲಿ ವಿಶೇಷವಾದ ವರ್ಷ. ಮಲಯಾಳದಲ್ಲಿ ಬ್ಲೆಸ್ಸಿ ನಿರ್ದೇಶನದ ‘ತನ್ಮಾತ್ರ’ ಬಂದಿತು; ಸರ್ಕಾರಿ ಕಚೇರಿಯ ನೌಕರನೊಬ್ಬ ನಡುವಯಸ್ಸಿನಲ್ಲಿಯೇ ಈ ರೋಗಕ್ಕೆ ಸಿಲುಕುವ ಕಥೆ, ಮೋಹನ್‌ಲಾಲ್ ಅಭಿನಯ. ಕಚೇರಿಯ ಮುಖ್ಯ ಕಡತವನ್ನು ಮನೆಯ ರೆಫ್ರಿಜರೇಟರಿನಲ್ಲಿಟ್ಟು ಮರೆಯುವ ದೃಶ್ಯ ರೋಗದ ಆರಂಭವನ್ನು ಚೆನ್ನಾಗಿ ಹಿಡಿದಿದೆ. ರೋಗ ವೃದ್ಧರಿಗೆ ಮಾತ್ರ ಬರುತ್ತದೆಂಬ ತಪ್ಪು ಕಲ್ಪನೆಯನ್ನೂ ಈ ಚಿತ್ರ ಅಳಿಸಿತು. ಅದೇ ವರ್ಷದ ಹಿಂದಿ ಚಿತ್ರ ‘ಮೈನೇ ಗಾಂಧಿ ಕೋ ನಹೀಂ ಮಾರಾ’ದಲ್ಲಿ ನಿವೃತ್ತ ಪ್ರಾಧ್ಯಾಪಕನೊಬ್ಬ ತಾನೇ ಗಾಂಧೀಜಿಯವರನ್ನು ಕೊಂದೆನೆಂದು ನಂಬಿ ನರಳುತ್ತಾನೆ. ಹಾಗಲ್ಲವೆಂದು ಅವನೊಡನೆ ವಾದಿಸಿ ಫಲವಿಲ್ಲವೆಂದು ತಿಳಿದು ಕುಟುಂಬದವರು ನ್ಯಾಯಾಲಯದ ಆಟವನ್ನೇ ಹೂಡಿ ಅವನನ್ನು ನಿರ್ದೋಷಿಯೆಂದು ಸಾರುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲವಾದರೂ, ರೋಗಿಯ ಭ್ರಮೆಯೊಡನೆ ವಾದಕ್ಕಿಳಿಯಬಾರದೆಂಬುದು ನಿಜ. ತಂದೆಯ ರೋಗದಿಂದ ಮಗಳ ಮದುವೆಯ ಸಂಬಂಧ ತಪ್ಪಿಹೋಗುವುದನ್ನೂ ಆ ಚಿತ್ರ ತೋರಿಸುತ್ತದೆ. ನಮ್ಮ ಸಮಾಜದಲ್ಲಿ ಅನೇಕ ಮನೆಗಳು ಹಿರಿಯರ ರೋಗವನ್ನು ಮುಚ್ಚಿಡುವುದು ಇದೇ ಭಯದಿಂದ. ಮನೆಯಲ್ಲಿ ಹುಡುಗಿಯಿದ್ದಾಳೆ ಎಂಬ ಕಾರಣಕ್ಕೆ ಅಜ್ಜನನ್ನು ಎರಡು ವರ್ಷ ವೈದ್ಯರಿಗೆ ತೋರಿಸದ ಕುಟುಂಬವನ್ನು ನಾವು ಬಲ್ಲೆವು. ಮುಪ್ಪಿನಲ್ಲಿ ಬರುವ ಅಲ್ಜೈಮರ್ ಬಹುತೇಕ ಸಂದರ್ಭಗಳಲ್ಲಿ ನೇರವಾಗಿ ತಂದೆಯಿಂದ ಮಕ್ಕಳಿಗೆ ಹರಿದು ಬರುವಂತಹ ರೋಗವಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳುತ್ತೇವೆ.

ಇನ್ನು ‘ಬ್ಲ್ಯಾಕ್’. ಇದೂ 2005ರದೇ. ಅಮಿತಾಭ್ ಬಚ್ಚನ್ ಅಭಿನಯಿಸಿದ ಗುರು ಎಲ್ಲವನ್ನೂ ಮರೆತ ಮೇಲೆ ಅವನ ಶಿಷ್ಯೆ ಅವನಿಗೆ ಮರಳಿ ಕಲಿಸತೊಡಗುತ್ತಾಳೆ. ನೀರು ಎಂಬ ಪದದ ಮೊದಲ ಅಕ್ಷರ ಅವನ ಬಾಯಿಂದ ಹೊರಡುತ್ತದೆ. ಚಿತ್ರವಾಗಿ ಮನಸ್ಸನ್ನು ಕಲಕುವಂತಿದೆ. ಆದರೆ ಸಾಕಷ್ಟು ಪ್ರೀತಿಯಿಂದ, ಸಾಕಷ್ಟು ಹಠದಿಂದ ಕಲಿಸಿದರೆ ಅಳಿದ ನೆನಪು ಮರಳಿ ಬರುತ್ತದೆಂಬ ಆಸೆಯನ್ನು ಅದು ಬಿತ್ತುತ್ತದೆ. ಆ ಆಸೆಯಿಂದ ಮಕ್ಕಳು ತಾಯಿಯನ್ನು ಪರೀಕ್ಷೆಗೆ ಕೂರಿಸುತ್ತಾರೆ: ನಾನು ಯಾರು ಹೇಳವ್ವ, ಇವತ್ತು ಯಾವ ವಾರ ಹೇಳವ್ವ, ನಿನಗೆ ಎಷ್ಟು ಮೊಮ್ಮಕ್ಕಳು ಹೇಳವ್ವ. ಉತ್ತರ ತಿಳಿಯದೆ ಆ ಜೀವ ನಾಚಿ ತಲೆತಗ್ಗಿಸುತ್ತದೆ. ಕೇಳುವುದನ್ನು ಬಿಟ್ಟು, ‘ಅವ್ವಾ, ನಾನು ನಿನ್ನ ಎರಡನೇ ಮಗ ಬಂದೀನಿ’ ಎಂದು ತಾವೇ ಹೇಳಿಬಿಡುವುದು ಮೇಲು.

ಮರಾಠಿಯ ‘ಅಸ್ತು’ ಎಂಬ ಚಿತ್ರವನ್ನು ನಮ್ಮಲ್ಲಿ ಹೆಚ್ಚು ಜನ ನೋಡಿಲ್ಲ; ನೋಡಬೇಕು. ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕ್ತಣಕರ್ ಅದನ್ನು ನಿರ್ದೇಶಿಸಿದವರು. ನಿವೃತ್ತ ಸಂಸ್ಕೃತ ಪಂಡಿತನ ಪಾತ್ರ ವಹಿಸಿರುವ ಮೋಹನ್ ಆಗಾಶೆ ಸ್ವತಃ ಮನೋವೈದ್ಯರು. ಮಗಳು ಕಾರಿನಲ್ಲಿ ಕೂರಿಸಿ ಹೋದ ಸ್ವಲ್ಪ ಹೊತ್ತಿನಲ್ಲಿ ಆ ಪಂಡಿತರು ಬೀದಿಯಲ್ಲಿ ಹೋಗುವ ಆನೆಯ ಹಿಂದೆ ನಡೆದುಬಿಡುತ್ತಾರೆ. ಆನೆಯನ್ನು ಸಾಕುವ ಬಡ ಕುಟುಂಬದ ಚೆನ್ನಮ್ಮ ಎಂಬ ಹೆಣ್ಣುಮಗಳು ಅವರನ್ನು ಮಗುವಿನಂತೆ ನೋಡಿಕೊಳ್ಳುತ್ತಾಳೆ. ಈ ಪಾತ್ರಕ್ಕಾಗಿ ಅಮೃತಾ ಸುಭಾಷ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಪಂಡಿತರ ವಿದ್ವತ್ತೇನೆಂದು ಚೆನ್ನಮ್ಮನಿಗೆ ತಿಳಿಯದು, ಅವರು ಏನನ್ನು ಕಳೆದುಕೊಂಡಿದ್ದಾರೆಂಬುದೂ ತಿಳಿಯದು, ಹಸಿದಿದ್ದಾರೆಂಬುದು ತಿಳಿಯುತ್ತದೆ. ಮಗಳಿಗೆ ತಂದೆ ಹಿಂದೆ ಹೇಗಿದ್ದರೆಂಬುದು ಗೊತ್ತಿರುವುದರಿಂದಲೇ ನೋವು ಹೆಚ್ಚು. ಮನೆಯವರಿಗಿಂತ ಹೊರಗಿನ ಆಯಾಗಳು ಕೆಲವೊಮ್ಮೆ ಹೆಚ್ಚು ಸಮಾಧಾನದಿಂದ ನೋಡಿಕೊಳ್ಳುವುದಕ್ಕೆ ಇದೊಂದು ಕಾರಣವೆಂದು ನಮ್ಮ ಅನುಭವ. ಮಕ್ಕಳು ಅದಕ್ಕಾಗಿ ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಲ್ಲ.

ಈ ಎಲ್ಲ ಚಿತ್ರಗಳಲ್ಲಿ ಮೇಲಿಂದ ಮೇಲೆ ಬರುವುದು ಕಳೆದುಹೋಗುವ ಪ್ರಸಂಗ. ಅದರಲ್ಲಿ ಉತ್ಪ್ರೇಕ್ಷೆಯಿಲ್ಲ. ಉತ್ತರ ಕರ್ನಾಟಕದಿಂದ ಮಗನ ಮನೆಗೆ ಬಂದು ನೆಲೆಸಿದ್ದ ಹಿರಿಯರೊಬ್ಬರು ಪ್ರತಿ ಸಂಜೆ ‘ಊರಿಗೆ ಹೋಗಬೇಕು’ ಎನ್ನುತ್ತಿದ್ದರು. ಒಂದು ದಿನ ಬೆಳಗಿನ ಜಾವ ಬಾಗಿಲು ತೆರೆದುಕೊಂಡು ಹೊರಟೇ ಬಿಟ್ಟರು. ಮನೆಯವರು ಉದ್ಯಾನ, ದೇವಸ್ಥಾನ, ಆಸ್ಪತ್ರೆಗಳನ್ನೆಲ್ಲ ಹುಡುಕಿದರು. ಅವರು ಸಿಕ್ಕಿದ್ದು ಒಂಬತ್ತು ಗಂಟೆಯ ಬಳಿಕ ಯಶವಂತಪುರ ರೈಲು ನಿಲ್ದಾಣದಲ್ಲಿ. ಬರಿಗಾಲಿನಲ್ಲಿ, ಹಣೆಯಲ್ಲಿ ವಿಭೂತಿ ಧರಿಸಿ, ಶಿಸ್ತಾಗಿ ಬೆಂಚಿನ ಮೇಲೆ ಕುಳಿತಿದ್ದ ಅವರನ್ನು ಚಹಾ ಮಾರುವ ಹುಡುಗನೊಬ್ಬ ಗಮನಿಸಿ ರೈಲ್ವೆ ಪೊಲೀಸರಿಗೆ ತಿಳಿಸಿದ್ದನು. ಪೊಲೀಸರು ಕೇಳಿದಾಗ ಆ ಹಿರಿಯರು ತಮ್ಮ ತಂದೆಯ ಹೆಸರನ್ನು, ಊರನ್ನು, ಓದಿದ ಶಾಲೆಯನ್ನು ತಪ್ಪಿಲ್ಲದೆ ಹೇಳಿದರು. ಮಗನ ಮನೆ ಬೆಂಗಳೂರಿನಲ್ಲಿದೆಯೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ಜೇಬಿನಲ್ಲಿ ಒಂದು ಚೀಟಿ ಇದ್ದಿದ್ದರೆ ಒಂಬತ್ತು ಗಂಟೆ ಒಂದು ಗಂಟೆಯಾಗುತ್ತಿತ್ತು.

ಹೀಗಾಗಿ ಇಂತಹ ಹಿರಿಯರಿರುವ ಮನೆಯವರಿಗೆ ಕೆಲವು ಮಾತು. ಅಂಗಿಯ ಒಳಜೇಬಿನಲ್ಲಿ ಮಗನ ಅಥವಾ ಮಗಳ ದೂರವಾಣಿ ಸಂಖ್ಯೆ ಬರೆದ ಚೀಟಿಯಿರಲಿ. ಕಳಚಲಾಗದಂತೆ ಕೈಗೆ ಕಡಗ ಹಾಕಿಸಿ ಅದರ ಮೇಲೆ ಸಂಖ್ಯೆ ಕೆತ್ತಿಸಿದರೆ ಇನ್ನೂ ಒಳ್ಳೆಯದು. ಹೊರಗೆ ಕರೆದೊಯ್ಯುವ ದಿನ, ತೊಟ್ಟ ಬಟ್ಟೆ ಕಾಣುವಂತೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಬೀದಿಯ ಕಿರಾಣಿ ಅಂಗಡಿಯವರಿಗೆ, ಆಟೋ ನಿಲ್ದಾಣದವರಿಗೆ ವಿಷಯವನ್ನು ಮುಚ್ಚಿಡದೆ ತಿಳಿಸಿರಿ. ಕಾಣೆಯಾದರೆ 24 ಗಂಟೆ ಕಾಯಬೇಕೆಂಬುದು ತಪ್ಪು ತಿಳಿವಳಿಕೆ. ಕೂಡಲೇ 112ಕ್ಕೆ ಕರೆಮಾಡಿ, ಸಮೀಪದ ಠಾಣೆಗೆ ಹೋಗಿ. ಹುಡುಕುವಾಗ ಅವರ ಇಂದಿನ ವಿಳಾಸದ ಸುತ್ತ ಮಾತ್ರ ಹುಡುಕದೆ ಅವರ ಹಳೆಯ ದಾರಿಗಳನ್ನೂ ನೆನೆದುಕೊಳ್ಳಿ: ಹಿಂದೆ ಕೆಲಸ ಮಾಡಿದ ಕಾರ್ಖಾನೆ, ಹಿಂದೆ ಬಾಡಿಗೆಗಿದ್ದ ಮನೆ, ಊರಿನ ರೈಲು.

ಪರದೆಯ ಮೇಲೆ ನಾವು ಇದುವರೆಗೆ ಕಾಣದ ದೃಶ್ಯವೊಂದನ್ನು ನಮ್ಮ ಭಕ್ತರ ಮನೆಗಳಲ್ಲಿ ಕಂಡಿದ್ದೇವೆ. ಹೆಂಡತಿಯ ಗುರುತೂ ಇಲ್ಲದ ಹಿರಿಯರು, ಸ್ನಾನ ಮಾಡಿಸಿ ಕೂರಿಸಿದೊಡನೆ ಮೂರು ಬೆರಳಿನಿಂದ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ದೃಷ್ಟಿ ನೆಡುತ್ತಾರೆ. ಕೈ ನಡುಗುವುದಿಲ್ಲ, ಕ್ರಮ ತಪ್ಪುವುದಿಲ್ಲ. ಘಟನೆಗಳ ನೆನಪು ಮತ್ತು ಕೈಯ ಅಭ್ಯಾಸದ ನೆನಪು ಮೆದುಳಿನ ಬೇರೆ ಬೇರೆ ಭಾಗಗಳಲ್ಲಿರುವುದೇ ಇದಕ್ಕೆ ಕಾರಣ. ಅಭ್ಯಾಸದ ನೆನಪು ಬಹುಕಾಲ ಉಳಿಯುತ್ತದೆ. ಪೂಜೆ ಮಾಡಿದ್ದನ್ನು ಮರೆತು ಅದೇ ಬೆಳಿಗ್ಗೆ ಮತ್ತೆ ಎರಡು ಬಾರಿ ಪೂಜೆಗೆ ಕೂರುವವರೂ ಇದ್ದಾರೆ. ಆಗಲೇ ಆಯಿತಲ್ಲ ಎಂದು ಗದರಬೇಡಿ, ಕೂರಲಿ. ಅವರ ದಿನದಲ್ಲಿ ಅವರಿಗೆ ಪೂರ್ತಿ ತಿಳಿದಿರುವ ಹೊತ್ತು ಅದೊಂದೇ ಇರಬಹುದು. ಪೂರ್ವಜನ್ಮದ ಪಾಪದಿಂದ ಬಂದ ಕಾಯಿಲೆಯೆಂದು ಯಾರಾದರೂ ಮನೆಗೆ ಬಂದು ಹೇಳಿದರೆ ಅಂತಹವರಿಗೆ ಎರಡನೆಯ ಲೋಟ ಚಹಾ ಕೊಡುವ ಅಗತ್ಯವಿಲ್ಲ.

ಔಷಧದ ವಿಷಯವನ್ನು ಆಯುರ್ವೇದದ ವೈದ್ಯರಾಗಿ ನಾವು ನೇರವಾಗಿಯೇ ಹೇಳಬೇಕು. ಚರಕಸಂಹಿತೆಯು ಧೀ, ಧೃತಿ, ಸ್ಮೃತಿಗಳ ಭ್ರಂಶವನ್ನು ರೋಗಗಳ ಮೂಲದಲ್ಲಿ ಎಣಿಸುತ್ತದೆ. ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ ಎಂಬ ನಾಲ್ಕನ್ನು ಮೇಧ್ಯ ರಸಾಯನಗಳೆಂದು ಹೇಳುತ್ತದೆ. ಮಂಡೂಕಪರ್ಣಿಯೆಂದರೆ ನಮ್ಮ ಒಂದೆಲಗವೇ. ಇವುಗಳ ಮೇಲೆ ನಮಗೆ ಗೌರವವಿದೆ. ಆದರೆ ಅಲ್ಜೈಮರನ್ನು ಗುಣಪಡಿಸುವ ಔಷಧ ಇಂದಿಗೆ ಯಾವ ಪದ್ಧತಿಯಲ್ಲಿಯೂ ಇಲ್ಲ. ಡೊನೆಪೆಜಿಲ್‌ನಂತಹ ಮಾತ್ರೆಗಳು ಕೆಲವರಲ್ಲಿ ಲಕ್ಷಣಗಳನ್ನು ಒಂದಷ್ಟು ಕಾಲ ಹಿಡಿದಿಡುತ್ತವೆ, ಅಷ್ಟೇ. ಮೂರು ತಿಂಗಳಲ್ಲಿ ನೆನಪು ಮರಳಿಸುತ್ತೇವೆಂದು ಲೇಹ್ಯ ಮಾರುವವರನ್ನು ನಂಬಿ ಹಣ ಕಳೆದುಕೊಳ್ಳಬೇಡಿ, ಅವರು ಯಾವ ವೇಷದಲ್ಲಿ ಬಂದರೂ ಸರಿ. ಮೊದಲು ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ಕಟ್ಟಿದ ರಕ್ತ ಇವೂ ಮರೆವನ್ನು ತರುತ್ತವೆ, ಇವಕ್ಕೆ ಚಿಕಿತ್ಸೆಯಿದೆ. ಸಂಜೆ ಬೆಚ್ಚಗಿನ ಎಳ್ಳೆಣ್ಣೆಯಿಂದ ಅಂಗಾಲು ತಿಕ್ಕುವುದು, ಹೊತ್ತಿಗೆ ಸರಿಯಾಗಿ ಲಘು ಆಹಾರ, ಬೆಳಗಿನ ಬಿಸಿಲಿನಲ್ಲಿ ನಡಿಗೆ ಇವು ನಿದ್ದೆಗೆ ನೆರವಾಗುವುದನ್ನು ನಾವು ಕಂಡಿದ್ದೇವೆ. ಕಿವಿ ಕೇಳಿಸದಿದ್ದರೆ ಶ್ರವಣಯಂತ್ರ ಹಾಕಿಸಿ. ರಕ್ತದೊತ್ತಡ, ಮಧುಮೇಹದ ಮಾತ್ರೆಗಳನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಆರೈಕೆ ಕೇಂದ್ರದ ಪ್ರಶ್ನೆ ಉಳಿಯಿತು. ಕನ್ನಡ ಚಿತ್ರದಲ್ಲಿ ತಂದೆಯನ್ನು ಕೇಂದ್ರದಲ್ಲಿ ಬಿಟ್ಟ ಮಗ ಪಶ್ಚಾತ್ತಾಪದ ದಾರಿಯಲ್ಲಿ ನಡೆಯುತ್ತಾನೆ. ಅದನ್ನು ನೋಡಿದವರು ಕೇಂದ್ರಕ್ಕೆ ಕಳಿಸುವುದೇ ಪಾಪವೆಂದು ಭಾವಿಸುವುದುಂಟು. ನಮ್ಮ ಅಭಿಪ್ರಾಯ ಬೇರೆ. ಆ ಮಗನ ತಪ್ಪು ಕೇಂದ್ರಕ್ಕೆ ಸೇರಿಸಿದ್ದಲ್ಲ, ತಂದೆಯೊಡನೆ ಮಾತು ಬಿಟ್ಟದ್ದು. ಎಪ್ಪತ್ತು ವರ್ಷದ ಹೆಂಡತಿ ಎಂಬತ್ತು ಕಿಲೋ ತೂಕದ ಗಂಡನನ್ನು ಎಷ್ಟು ದಿನ ಎತ್ತಿ ಕೂರಿಸಬಲ್ಲಳು? ನಮ್ಮ ನಗರದಲ್ಲಿ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಹಿರಿಯರ ಮನೋರೋಗಗಳಿಗೆ ಪ್ರತ್ಯೇಕ ತಪಾಸಣೆಯಿದೆ. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ರೋಗಿಗಳಿಗೆಂದೇ ಕೇಂದ್ರ ನಡೆಸುತ್ತಿದೆ. ಹಿರಿಯ ನಾಗರಿಕರ ಸಹಾಯವಾಣಿ 14567; ಆರೈಕೆ ಮಾಡುವವರ ಮನಸ್ಸೇ ಕುಸಿದರೆ ಟೆಲಿ ಮಾನಸ್ 14416.

ಕೊನೆಯದಾಗಿ, ಸಿನಿಮಾದ ಒಂದು ಉಪಯೋಗವನ್ನು ಹೇಳಿ ಮುಗಿಸುತ್ತೇವೆ. ಮರೆವಿನ ರೋಗಿಗಳು ಅತಿಥಿಗಳೆದುರು ಒಂದೆರಡು ಗಂಟೆ ಬಹಳ ಚೆನ್ನಾಗಿ ನಡೆದುಕೊಳ್ಳಬಲ್ಲರು. ಹಬ್ಬಕ್ಕೆ ಬಂದು ಹೋಗುವ ಮಕ್ಕಳು ‘ಅಪ್ಪಾಜಿ ಆರಾಮಾಗೇ ಇದ್ದಾರಲ್ಲ, ನೀವೇ ಸುಮ್ಮನೆ ಗಾಬರಿಯಾಗುತ್ತೀರಿ’ ಎಂದು ಹೇಳಿ ಹೊರಡುವುದು ಇದರಿಂದಲೇ. ಯಲಹಂಕ ಉಪನಗರದ ಹೆಣ್ಣುಮಗಳೊಬ್ಬರು ಈ ಮಾತನ್ನು ನಾಲ್ಕು ವರ್ಷ ಕೇಳಿದ್ದರು. ಕಳೆದ ದೀಪಾವಳಿಗೆ ಪುಣೆಯ ಅಣ್ಣ, ಅಮೆರಿಕದ ತಮ್ಮ ಇಬ್ಬರೂ ಬಂದಾಗ, ಅಪ್ಪಾಜಿ ಮಲಗಿದ ಮೇಲೆ ಆಕೆ ಎಲ್ಲರನ್ನೂ ಕೂರಿಸಿ ‘ದಿ ಫಾದರ್’ ಚಿತ್ರವನ್ನು ಹಾಕಿದರು. ಅಪ್ಪಾಜಿಯವರಿಗೆ ಅದನ್ನು ತೋರಿಸಲಿಲ್ಲ. ರೋಗಿಗಳಿಗೆ ಇಂತಹ ಚಿತ್ರ ತೋರಿಸಲೂಬಾರದು. ಚಿತ್ರ ಮುಗಿದ ಮೇಲೆ ಯಾರೂ ಮಾತನಾಡಲಿಲ್ಲವಂತೆ. ಆ ರಾತ್ರಿ ಎರಡೂವರೆಗೆ ಅಪ್ಪಾಜಿ ಎದ್ದು ಬಾಗಿಲ ಬಳಿ ನಿಂತಾಗ, ಮೊದಲ ಬಾರಿಗೆ ಅಣ್ಣನೇ ಎದ್ದು ಹೋಗಿ ಕೈಹಿಡಿದು ಕರೆತಂದರು. ಈಗ ಪ್ರತಿ ಮೂರು ತಿಂಗಳಿಗೊಮ್ಮೆ ಆತ ಪುಣೆಯಿಂದ ಬಂದು ಹದಿನೈದು ದಿನ ಇಲ್ಲಿದ್ದು ತಂದೆಯನ್ನು ನೋಡಿಕೊಳ್ಳುತ್ತಾರೆ. ರಾತ್ರಿ ಪಾಳಿಯ ಆಯಾಳ ಸಂಬಳವನ್ನು ತಮ್ಮ ಕಳಿಸುತ್ತಾರೆ. ಆ ಹದಿನೈದು ದಿನ ಆಕೆ ಮಗಳ ಮನೆಗೆ ಮೈಸೂರಿಗೆ ಹೋಗಿ ನಿದ್ದೆ ಮಾಡಿ ಬರುತ್ತಾರೆ.